ರಾಗಾಟ್ಸಿನ ಬಿಸಿನೀರಿನ ಕೊಳ

ನಮ್ಮ ಹಿಂದಿನ ನಿಘಂಟುಕಾರರು ನೀರಿಗೆ ಹೇಳಿರುವ ಹೆಸರುಗಳು ಅನೇಕ. ಅಮರಸಿಂಹನು ಎಣಿಸಿರುವವುಗಳಲ್ಲಿ ‘ಅಮೃತ’ವೆಂಬುದೊಂದು, ‘ಜೀವನ’ವೆಂಬುದೊಂದು. ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಶಾಲೆಯ ಹುಡುಗರಿಂದ ಈ ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದೇವೆ. ಬಾಯಾರಿದವನಿಗೂ ಬೆಳೆಯಿಟ್ಟವನಿಗೂ ಆ ಹೆಸರುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಯಾಗಿ, ತನ್ನ ಮೈಯ ಭಾರವನ್ನು ತಾನೇ ಹೊರಲು ಹೆದರುವವರಿಗೆ ನೀರು ಯಾವ ಬಗೆಯಲ್ಲಿ ಜೀವನವಾಗುವುದೆಂಬುದನ್ನು ಸ್ವಿಟ್ಜರ್ಲೆಂಡ್ ದೇಶದ ಒಂದು ಸಣ್ಣ ಊರಿನಲ್ಲಿ ಕಣ್ಣಾರೆ ಕಂಡೆವು. ಬೆನ್ನುನೋವಿಲ್ಲದ ಮನೆ ಈಗ ಅಪರೂಪ. ಆದುದರಿಂದ ನಾವು ಕಂಡುದನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದೆಂದು ಭಾವಿಸುತ್ತೇವೆ.

ನಮ್ಮ ಮನೆಯಾಕೆಗೆ ಸೊಂಟದ ಭಾಗದಲ್ಲಿ ಒಂದು ಬೆನ್ನುಮೂಳೆ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿ, ನರವನ್ನು ಒತ್ತುತ್ತಿತ್ತು. ಬೆಂಗಳೂರಿನ ವೈದ್ಯರು ಆ ಎರಡು ಮೂಳೆಗಳನ್ನು ಒಂದಾಗಿ ಬೆಸೆದರು. ಈ ಚಿಕಿತ್ಸೆ ಹೊಸದೇನೂ ಅಲ್ಲ. ೧೯೧೧ರಲ್ಲಿಯೇ ನ್ಯೂಯಾರ್ಕ್ ನಗರದಲ್ಲಿ ಹಿಬ್ಸ್ ಮತ್ತು ಆಲ್ಬೀ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ಮಾಡಿ ಪ್ರಕಟಿಸಿದ್ದರು. ಇದರ ಮರ್ಮವನ್ನು ತೋಟವುಳ್ಳವರು ಬೇಗನೆ ತಿಳಿಯಬಲ್ಲರು. ಮಾವಿನ ಗಿಡಕ್ಕೆ ಕಸಿ ಕಟ್ಟುವಾಗ ಎರಡು ಕೊಂಬೆಗಳನ್ನು ಸೇರಿಸಿ ಬಿಗಿಯಾಗಿ ಸುತ್ತುವುದುಂಟಷ್ಟೆ. ಸುತ್ತಿದ ಪಟ್ಟಿಯು ಕೊಂಬೆಗಳನ್ನು ಕೂಡಿಸುವುದಿಲ್ಲ. ಅವು ತಾವಾಗಿ ಕೂಡುವವರೆಗೆ ಅಲುಗದಂತೆ ಹಿಡಿದಿರುತ್ತದೆ. ಬೆನ್ನಿನಲ್ಲಿ ಕೂರಿಸಿದ ತಿರುಪುಮೊಳೆಗಳೂ ಸರಳುಗಳೂ ಹಾಗೆಯೇ. ನಡುವೆ ಇಟ್ಟ ಎಲುಬಿನ ಚೂರುಗಳು ಬೆಳೆದು, ಎರಡು ಮೂಳೆಗಳು ಒಂದಾಗಲು ಅನೇಕ ತಿಂಗಳುಗಳು, ಕೆಲವರಿಗೆ ಒಂದು ವರ್ಷವೇ ಹಿಡಿಯುವುದು. ಅಲ್ಲಿಯವರೆಗೆ ಬಾಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಈ ಮೂರೂ ನಿಷಿದ್ಧ.

ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳು ಕಳೆದಿತ್ತು. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದೆಯೆಂದು ಚಿತ್ರಗಳು ಹೇಳಿದವು. ಆದರೆ ಆಕೆಯ ಮನಸ್ಸು ಒಪ್ಪಲಿಲ್ಲ. ಕೋಲಿಲ್ಲದೆ ಅಂಗಳ ದಾಟುತ್ತಿರಲಿಲ್ಲ. ಬೀಳುವೆನೆಂಬ ಭಯದಿಂದ ಮೈಯೆಲ್ಲ ಬಿಗಿಹಿಡಿದು ನಡೆಯುವಳು, ಬಿಗಿಹಿಡಿದುದರಿಂದ ನೋವು, ನೋವಿನಿಂದ ಮತ್ತೆ ಭಯ. ಜ್ಯೂರಿಕ್ ನಗರದಲ್ಲಿ ಸಂಸಾರ ಹೂಡಿರುವ ನಮ್ಮ ಮಗಳು, “ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬನ್ನಿ ಅಪ್ಪ, ನೀರಿನಲ್ಲಿ ವ್ಯಾಯಾಮ ಮಾಡಿಸುವ ಊರೊಂದಿದೆ” ಎಂದು ಒತ್ತಾಯಪಡಿಸಿದಳು. ವೈದ್ಯರು ಅನುಮತಿಯಿತ್ತರು. ಜೂನ್ ತಿಂಗಳಲ್ಲಿ ಹೊರಟೆವು.

ಜ್ಯೂರಿಕ್ಕಿನಿಂದ ಆಗ್ನೇಯಕ್ಕೆ ಹೋಗುವ ರೈಲುಬಂಡಿಯಲ್ಲಿ ಎಡಗಡೆಯ ಕಿಟಕಿಯ ಬಳಿ ಕುಳಿತವರು ಪುಣ್ಯವಂತರು. ಮೊದಲು ಜ್ಯೂರಿಕ್ ಸರೋವರವು ಬಹಳ ದೂರ ಜೊತೆಗೆ ಬರುತ್ತದೆ. ಅದು ಮುಗಿದ ಸ್ವಲ್ಪ ಹೊತ್ತಿಗೆ ವಾಲೆನ್‌ಸೇ ಎಂಬ ಇನ್ನೊಂದು ಸರೋವರ. ಅದರ ಆಚೆಯ ದಡದಿಂದ ಚುರ್‌ಫಿರ್ಸ್ಟೆನ್ ಎಂಬ ಗಿರಿಶ್ರೇಣಿಯು ಗೋಡೆಯಂತೆ ನೆಟ್ಟಗೆ ಎದ್ದು ನಿಂತಿದೆ. ಆಮೇಲೆ ಕೋಟೆಯ ಊರಾದ ಸಾರ್ಗನ್ಸ್. ಅದನ್ನು ದಾಟಿದರೆ ರೈನ್ ನದಿಯ ಬಯಲು, ಅಲ್ಲಿ ಬಾಡ್ ರಾಗಾಟ್ಸ್. ‘ಬಾಡ್’ ಎಂದರೆ ಜರ್ಮನ್ ಭಾಷೆಯಲ್ಲಿ ಸ್ನಾನ. ನಮ್ಮಲ್ಲಿ ಊರ ಹೆಸರಿಗೆ ‘ತೀರ್ಥ’ ಸೇರುವಂತೆ ಅಲ್ಲಿ ‘ಬಾಡ್’ ಸೇರುವುದು.

ಊರು ಅಚ್ಚುಕಟ್ಟಾದುದು. ತಾಮಿನಾ ಎಂಬ ಸಣ್ಣ ಹೊಳೆಯು ಬೆಟ್ಟದಿಂದ ಇಳಿದು, ಊರ ನಡುವೆ ಹರಿದು, ರೈನ್ ನದಿಯನ್ನು ಸೇರುತ್ತದೆ. ನದಿಯ ಆಚೆ ದ್ರಾಕ್ಷಿಯ ತೋಟಗಳ ಮೈಯೆನ್‌ಫೆಲ್ಟ್. ನಮ್ಮ ಮಕ್ಕಳೂ ಓದುವ ‘ಹೈಡಿ’ ಕಥೆಯು ನಡೆಯುವುದು ಆ ಊರಿನ ಮೇಲಣ ಬೆಟ್ಟದಲ್ಲಿ. ಯೊಹಾನ್ನಾ ಶ್ಪೀರಿ ಎಂಬಾಕೆ ಆ ಕಥೆಯನ್ನು ೧೮೮೦ರಲ್ಲಿಯೂ ಮರುವರ್ಷವೂ ಎರಡು ಭಾಗವಾಗಿ ಹೊರತಂದಳು. ಅದರಲ್ಲಿ ನಡೆಯಲಾರದ ಹುಡುಗಿ ಕ್ಲಾರಾ ಬೆಟ್ಟಕ್ಕೆ ಬರುವ ಮೊದಲು ಸ್ನಾನಚಿಕಿತ್ಸೆಗಾಗಿ ಇದೇ ರಾಗಾಟ್ಸಿನಲ್ಲಿ ತಂಗುವಳು. ನಮ್ಮ ಮೊಮ್ಮಗಳು ಇದನ್ನು ಅಜ್ಜಿಗೆ ದಾರಿಯುದ್ದಕ್ಕೂ ಹೇಳುತ್ತ ಬಂದಳು. “ಕ್ಲಾರಾಗೆ ಹನ್ನೆರಡು ವರ್ಷ ಕಣೇ, ನನಗೆ ಐವತ್ತೇಳು” ಎಂದು ಅಜ್ಜಿಯ ಉತ್ತರ.

ಬಿಸಿನೀರಿನ ಬುಗ್ಗೆ ಇರುವುದು ಊರಿನಲ್ಲಲ್ಲ. ಸುಮಾರು ನಾಲ್ಕು ಕಿಲೋಮೀಟರು ಮೇಲೆ, ತಾಮಿನಾ ಹೊಳೆಯು ಬಂಡೆಯನ್ನು ಕೊರೆದು ಮಾಡಿರುವ ಕಂದರದೊಳಗೆ. ಹಳೆಯ ಸ್ನಾನಗೃಹದವರೆಗೆ ಬಸ್ಸು ಹೋಗುವುದು. ಅಲ್ಲಿಂದ ಮುಂದೆ ಕಾಲುದಾರಿ ತೇವವಾದುದರಿಂದ ಮನೆಯಾಕೆಯು ಮಗಳೊಡನೆ ಅಲ್ಲಿಯೇ ಕುಳಿತಳು. ನಾವು ಮೊಮ್ಮಗಳನ್ನು ಕರೆದುಕೊಂಡು ಒಳಹೊಕ್ಕೆವು. ಎರಡು ಕಡೆಯೂ ಬಂಡೆ. ಮೇಲೆ ನೋಡಿದರೆ ಬಂಡೆಗಳು ಒಂದಕ್ಕೊಂದು ಬಾಗಿ ಆಕಾಶವು ಒಂದು ಸೀಳಿನಷ್ಟು ಮಾತ್ರ. ಕೆಳಗೆ ಹೊಳೆಯ ಭೋರ್ಗರೆತ. ಕೊನೆಯಲ್ಲಿ ಬಂಡೆಯೊಳಗಿನಿಂದ ಹಬೆಯಾಡುವ ನೀರು. ಅದರ ಬಿಸಿ ೩೬.೫ ಡಿಗ್ರಿ ಸೆಂಟಿಗ್ರೇಡು, ಎಂದರೆ ಹೆಚ್ಚುಕಡಮೆ ಮನುಷ್ಯನ ಮೈಯ ಬಿಸಿಯಷ್ಟೇ.

ಹಿಂದೆ ಈ ನೀರು ಫೇಫರ್ಸ್ ಎಂಬ ಮಠದ ಸನ್ಯಾಸಿಗಳ ಅಧೀನದಲ್ಲಿತ್ತು. ಆಗ ದಾರಿಯಿರಲಿಲ್ಲ. ರೋಗಿಗಳನ್ನು ಹಗ್ಗ ಕಟ್ಟಿ ಕಂದರದೊಳಕ್ಕೆ ಇಳಿಬಿಡುತ್ತಿದ್ದರು. ಇಳಿದವರು ಆ ಕತ್ತಲೆಯಲ್ಲಿ ದಿನಗಟ್ಟಲೆ ನೀರಿನಲ್ಲಿಯೇ ಇದ್ದು, ಅಲ್ಲಿಯೇ ಉಂಡು, ಅಲ್ಲಿಯೇ ನಿದ್ರಿಸುತ್ತಿದ್ದರಂತೆ. ನೋವಿಗೊಳಗಾದವನು ಏನನ್ನು ತಾನೆ ಮಾಡಲಾರನು! ೧೫೩೫ರಲ್ಲಿ ಪ್ಯಾರಾಸೆಲ್ಸಸ್ ಎಂಬ ಪ್ರಸಿದ್ಧ ವೈದ್ಯನು ಇಲ್ಲಿಗೆ ಬಂದು, ಈ ನೀರಿನ ವಿಷಯವಾಗಿ ಒಂದು ಪ್ರಬಂಧವನ್ನೇ ಬರೆದನು. ಈಗ ನಿಂತಿರುವ ಹಳೆಯ ಸ್ನಾನಗೃಹವು ಹದಿನೆಂಟನೆಯ ಶತಮಾನದ ಆರಂಭದ್ದು. ಮಠವು ೧೮೩೮ರಲ್ಲಿ ಮುಚ್ಚಿಹೋಯಿತು. ೧೮೪೦ರಲ್ಲಿ ಕೊಳವೆಗಳ ಮೂಲಕ ನೀರನ್ನು ಕೆಳಗಿನ ರಾಗಾಟ್ಸಿಗೆ ಹರಿಸಿದರು. ಅಂದಿನಿಂದ ರೋಗಿಯು ನೀರಿನ ಬಳಿಗೆ ಇಳಿಯುವ ಕಷ್ಟ ತಪ್ಪಿ, ನೀರೇ ರೋಗಿಯ ಬಳಿಗೆ ಬಂದಂತಾಯಿತು.

ಇಷ್ಟೆಲ್ಲ ಪ್ರಖ್ಯಾತಿಯುಳ್ಳ ನೀರಿನಲ್ಲಿ ಯಾವ ದಿವ್ಯೌಷಧವಿದೆಯೆಂದು ವಾಚಕರು ಕೇಳಬಹುದು. ಉತ್ತರವು ವಿಚಿತ್ರವಾಗಿದೆ: ವಿಶೇಷವೇನೂ ಇಲ್ಲ. ಖನಿಜಗಳು ಅತಿ ಸ್ವಲ್ಪವಾಗಿರುವ ಬಿಸಿನೀರೆಂದೇ ಶಾಸ್ತ್ರಜ್ಞರು ಇದನ್ನು ವರ್ಗೀಕರಿಸುತ್ತಾರೆ. ಗುಣವಿರುವುದು ಬಿಸಿಯಲ್ಲಿ, ಮತ್ತು ನೀರು ನೀರಾಗಿರುವುದರಲ್ಲಿ. ನಮ್ಮ ಚರಕಾಚಾರ್ಯರು ಹದಿಮೂರು ವಿಧದ ಸ್ವೇದಕರ್ಮಗಳನ್ನು ಹೇಳುವಾಗ, ಬೆಚ್ಚನೆಯ ದ್ರವದಲ್ಲಿ ಮೈ ಮುಳುಗಿಸಿ ಕೂರುವ ‘ಅವಗಾಹ’ವನ್ನೂ ಸೇರಿಸಿದ್ದಾರೆ. ಬಿಸಿಯಿಂದ ಬಿಗಿದ ಸ್ನಾಯುಗಳು ಸಡಿಲುವುವೆಂಬುದು ಪೂರ್ವಪಶ್ಚಿಮಗಳಿಗೆ ಸಮಾನವಾದ ಅನುಭವ.

ಇನ್ನು ನೀರಿನ ಸಹಜಗುಣ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧವಾಗುವುದು. ಎದೆಯವರೆಗೆ ನಿಂತರೆ ಮೂರರಲ್ಲೊಂದು. ಕುತ್ತಿಗೆಯವರೆಗೆ ನಿಂತರೆ ಹತ್ತರಲ್ಲೊಂದು. ಅರವತ್ತು ಕಿಲೋ ತೂಗುವವಳು ಎದೆಮಟ್ಟದ ನೀರಿನಲ್ಲಿ ಇಪ್ಪತ್ತು ಕಿಲೋ ತೂಕದ ಮಗುವಿನಂತೆ ನಡೆಯುವಳು. ಬೆಸೆದ ಬೆನ್ನಿಗೆ ಇದಕ್ಕಿಂತ ಬೇರೆ ಉಪಕಾರವೇನು ಬೇಕು? ಅಲ್ಲದೆ ನೀರು ನಿಧಾನವಾಗಿ ಚಲಿಸಿದವರಿಗೆ ಮೃದು, ರಭಸದಿಂದ ಚಲಿಸಿದವರಿಗೆ ಕಠಿಣ. ಎಷ್ಟು ಶ್ರಮವಾಗಬೇಕೆಂಬುದು ರೋಗಿಯ ಕೈಯಲ್ಲಿಯೇ ಇರುವುದು.

ಇಲ್ಲಿ ರೂಢಿಗೆ ಬಂದ ಒಂದು ಕ್ರಮಕ್ಕೆ ಊರಿನ ಹೆಸರೇ ಅಂಟಿಕೊಂಡಿದೆ. ‘ಬಾಡ್ ರಾಗಾಟ್ಸ್ ಬಳೆಗಳ ಕ್ರಮ’ವೆಂದು ಕರೆಯಬಹುದು. ರೋಗಿಯ ಕುತ್ತಿಗೆಗೆ, ಸೊಂಟಕ್ಕೆ, ಕಣಕಾಲಿಗೆ ಗಾಳಿ ತುಂಬಿದ ಬಳೆಗಳನ್ನು ತೊಡಿಸಿ ಅಂಗಾತ ತೇಲಿಸುತ್ತಾರೆ. ಚಿಕಿತ್ಸಕಿಯು ನೀರಿನಲ್ಲಿ ಕಂಬದಂತೆ ನಿಂತು, ರೋಗಿಯ ಒಂದು ಕಾಲನ್ನೋ ಕೈಯನ್ನೋ ಹಿಡಿದು ‘ನೂಕು’, ‘ಎಳೆ’ ಎನ್ನುವಳು. ತೇಲುವ ಮೈಗೆ ಆಕೆಯ ಹಸ್ತವೊಂದೇ ಆಧಾರವಾದುದರಿಂದ ಬೆನ್ನಿನ ಸ್ನಾಯುಗಳು ತಾವಾಗಿ ದುಡಿಯಲೇಬೇಕಾಗುವುದು. ೧೯೫೦ರ ದಶಕದ ಕೊನೆಯಲ್ಲಿ ಜರ್ಮನಿಯಿಂದ ಬಂದ ಮೂಲವನ್ನು ಇಲ್ಲಿಯ ಚಿಕಿತ್ಸಕಿಯರು ತಿದ್ದಿ ಬೆಳೆಸಿದರು. ಆಮೇಲೆ, ಲಂಡನ್ನಿನಲ್ಲಿ ಅಂಗವಿಕಲ ಮಕ್ಕಳಿಗೆ ೧೯೪೯ರಿಂದ ಈಜು ಕಲಿಸುತ್ತಿದ್ದ ಜೇಮ್ಸ್ ಮ್ಯಾಕ್‌ಮಿಲನ್ ಎಂಬಾತನೂ ೧೯೭೦ರ ದಶಕದಲ್ಲಿ ಇಲ್ಲಿಗೆ ಬಂದು ತನ್ನ ವಿದ್ಯೆಯನ್ನು ಸೇರಿಸಿದನು.

ನಮ್ಮ ಮನೆಯಾಕೆಯು ತೀರ್ಥಹಳ್ಳಿಯವಳು. ತುಂಗೆಯ ದಡದಲ್ಲಿ ಬೆಳೆದವಳು. ಅಣ್ಣಂದಿರ ಜೊತೆಗೆ ಹೊಳೆಗೆ ಬಿದ್ದು ಈಜು ಕಲಿತು ತಾಯಿಯ ಕೈಯಲ್ಲಿ ಪೆಟ್ಟು ತಿಂದವಳು. ಮದುವೆಯಾದ ಮೇಲೆ ನೀರಿಗಿಳಿದವಳಲ್ಲ. ಮೈತುಂಬ ಮುಚ್ಚುವ ಈಜಿನ ಉಡುಪನ್ನು ಮಗಳು ತಂದಾಗ, “ಈ ವಯಸ್ಸಿನಲ್ಲಿ ಇದೇನು ವೇಷ!” ಎಂದು ನಾಚಿಕೊಂಡಳು. ಕೊಳದ ಬಳಿ ತನಗಿಂತ ಹಿರಿಯರಾದ ಮೂವರು ಅಜ್ಜಿಯರನ್ನು ಕಂಡ ಮೇಲೆ ಆ ನಾಚಿಕೆ ಹೋಯಿತು. ಭಯ ಮಾತ್ರ ಉಳಿಯಿತು.

ಮೊದಲನೆಯ ದಿನ ಮೆಟ್ಟಿಲ ಪಕ್ಕದ ಹಿಡಿಕಂಬಿಯನ್ನು ಬಿಡಲೇ ಇಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ; ಅಷ್ಟೇ ಪಾಠ. ಚಿಕಿತ್ಸಕಿಯು ಮೂವತ್ತರ ಹರೆಯದ ಶಾಂತಸ್ವಭಾವದ ಹೆಣ್ಣುಮಗಳು. ಮತ್ತೆ ಮತ್ತೆ “ಲಾಂಗ್‌ಸಾಮ್” ಎನ್ನುವಳು. ಏನೆಂದು ಕೇಳಲು, “ನಿಧಾನ ಅಂತ ಅಮ್ಮ” ಎಂದಳು ಮಗಳು. ಮರುದಿನದಿಂದ ಚಿಕಿತ್ಸಕಿಯೇ “ನಿಧಾನ, ನಿಧಾನ” ಎನ್ನತೊಡಗಿದಳು. ಶಿಷ್ಯೆಯಿಂದ ಗುರುವೂ ಒಂದು ಮಾತು ಕಲಿತಂತಾಯಿತು.

ಮೂರನೆಯ ದಿನ ಬಳೆಗಳನ್ನು ತೊಡಿಸಿದರು. ಅಂಗಾತ ಮಲಗಿದವಳ ಕೈಬೆರಳುಗಳು ಚಿಕಿತ್ಸಕಿಯ ತೋಳನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು. ನಾವು ದಡದ ಬೆಂಚಿನ ಮೇಲೆ ಕುಳಿತು ಆ ಬೆರಳುಗಳನ್ನೇ ನೋಡುತ್ತಿದ್ದೆವು. ಕಾಲು ಗಂಟೆಯಾಗಿರಬಹುದು, ಒಂದೊಂದಾಗಿ ಸಡಿಲಿದುವು. ಕೈ ನೀರಿನ ಮೇಲೆ ತಾನಾಗಿ ಹರಡಿಕೊಂಡಿತು. ಎಂಟು ತಿಂಗಳಲ್ಲಿ ಆಕೆಯ ಹುಬ್ಬಿನ ಗಂಟು ಬಿಚ್ಚಿದುದನ್ನು ನಾವು ಕಂಡದ್ದು ಅಂದೇ ಮೊದಲು. ಹೊರಬಂದ ಮೇಲೆ, “ಬೆನ್ನು ಇದೆ ಅನ್ನುವುದೇ ಮರೆತುಹೋಗಿತ್ತು ನೋಡಿ” ಎಂದಳು.

ಧೈರ್ಯ ಬಂದೊಡನೆ ಹಳೆಯ ಹುಡುಗಿಯೂ ಎದ್ದಳು. ಐದನೆಯ ದಿನ, ತುಂಗೆಯಲ್ಲಿ ಈಜುತ್ತಿದ್ದಂತೆ ಮುಂಬಾಗಿ ಎದೆಯೀಜು ಈಜುವೆನೆಂದು ಹಟ ಹಿಡಿದಳು. ಚಿಕಿತ್ಸಕಿಯು ಒಪ್ಪಲಿಲ್ಲ. ತಲೆಯೆತ್ತಿ ಎದೆಯೀಜು ಈಜುವಾಗ ಸೊಂಟವು ಹಿಂದಕ್ಕೆ ಕಮಾನಿನಂತೆ ಬಾಗುವುದು. ಕೈ ಬೀಸಿ ಈಜುವಾಗ ನಡು ತಿರುಚುವುದು. ಕೂಡಿಕೊಳ್ಳುತ್ತಿರುವ ಮೂಳೆಗೆ ಎರಡೂ ಸಲ್ಲವೆಂದು ಮಗಳ ಮೂಲಕ ತಿಳಿಯಹೇಳಿದಳು. ಅಂಗಾತ ಮಲಗಿ ಕಾಲನ್ನು ಮೃದುವಾಗಿ ಆಡಿಸುವ ಈಜೊಂದಕ್ಕೆ ಮಾತ್ರ ಅಪ್ಪಣೆಯಾಯಿತು. ಕೊನೆಯ ದಿನ ಬಳೆಗಳಿಲ್ಲದೆ, ಕೊಳದ ಆ ತುದಿಯಿಂದ ಈ ತುದಿಗೆ ಹಾಗೆ ಈಜಿ ಬಂದಳು. ನಮ್ಮ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾವು ಕನ್ನಡಕವನ್ನು ಒರೆಸಿಕೊಂಡೆವು. ಅಲ್ಲಿ ಹಬೆ ಹೆಚ್ಚು.

ಇದನ್ನೋದಿ ಯಾರೂ ನಾಳೆಯೇ ರೋಗಿಯನ್ನು ಕೆರೆಗಿಳಿಸಬಾರದು. ಗಾಯವು ಸಂಪೂರ್ಣ ಮಾಯುವವರೆಗೆ ನೀರಿನಲ್ಲಿ ಮುಳುಗುವುದು ಸರ್ವಥಾ ಕೂಡದು. ಸೋಂಕು ತಗಲಿದರೆ ಒಳಗಿನ ಮೊಳೆಗಳವರೆಗೂ ಹೋಗುವ ಅಪಾಯವುಂಟು. ಎಷ್ಟು ವಾರಗಳೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು. ಧುಮುಕುವುದು ಬೇಡವೇ ಬೇಡ. ಒದ್ದೆ ನೆಲದ ಮೇಲೆ ಜಾರುವುದು ನೀರಿಗಿಂತ ಭಯಂಕರ. ಕೈಹಿಡಿಯುವ ಕಂಬಿಯಿಲ್ಲದ ಕೊಳಕ್ಕೆ ಇಳಿಸಬೇಡಿ. ಅರ್ಧ ಗಂಟೆಗೆ ಮೀರಿ ಬಿಸಿನೀರಿನಲ್ಲಿದ್ದರೆ ತಲೆ ತಿರುಗಬಹುದು. ಹೊರಬರುವಾಗ ಮೈ ಕಲ್ಲಿನಂತೆ ಭಾರವೆನಿಸುವುದು. ಆಗ ಕುಳಿತು, ನೀರು ಕುಡಿದು, ವಿಶ್ರಮಿಸಬೇಕು. ಹೃದ್ರೋಗ, ರಕ್ತದೊತ್ತಡವುಳ್ಳವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಾಲು ಜೋಮುಗಟ್ಟಿದರೆ, ನೋವು ಹೆಚ್ಚಿದರೆ ಅಂದಿಗೆ ಸಾಕುಮಾಡಬೇಕು.

ರಾಗಾಟ್ಸಿಗೆ ಎಲ್ಲರೂ ಹೋಗಲಾರರು, ಹೋಗಬೇಕಾದುದೂ ಇಲ್ಲ. ಆ ನೀರಿನಲ್ಲಿ ಮಂತ್ರವಿಲ್ಲವೆಂದು ಅಲ್ಲಿಯವರೇ ಹೇಳುವರಷ್ಟೆ. ಶುಚಿಯಾದ ಬೆಚ್ಚನೆಯ ನೀರು, ಎದೆಮಟ್ಟದ ಆಳ, ಹಿಡಿಯಲು ಕಂಬಿ, ಬಲ್ಲವರೊಬ್ಬರ ಕೈ ಇವು ನಾಲ್ಕು ದೊರೆತರೆ ನಮ್ಮ ನಗರಗಳಲ್ಲಿಯೂ ಇದೇ ಫಲವನ್ನು ನಿರೀಕ್ಷಿಸಬಹುದು. ಈಗ ನಮ್ಮ ಮನೆಯಾಕೆಯು ವಾರಕ್ಕೆ ಎರಡು ಬಾರಿ ಅಂಥದೊಂದು ಕೊಳಕ್ಕೆ ಹೋಗುತ್ತಾಳೆ. ಕೋಲು ಬಾಗಿಲ ಹಿಂದೆ ನಿಂತಿದೆ. ದೂರದ ನಡಿಗೆಗೆ ಇನ್ನೂ ಬೇಕಾಗುವುದು; ಅಂಗಳ ದಾಟಿ ತುಳಸಿಗೆ ನೀರೆರೆಯಲು ಬೇಕಾಗುವುದಿಲ್ಲ.