ಹದಿನೇಳು ವರ್ಷದ ಸುಳ್ಳು

ಬೆಂಗಳೂರಿನ ಒಂದು ವಿಮಾನ ಮ್ಯೂಸಿಯಮ್ಮಿನಲ್ಲಿ ಬಾಹ್ಯಾಕಾಶ ಸಪ್ತಾಹದ ಪ್ರದರ್ಶನವಿತ್ತು. ನಮ್ಮಂಥ ಹವ್ಯಾಸಿಗಳಿಗೂ ಮೇಜು ಕೊಟ್ಟಿದ್ದರು. ನಾನು ಇಟ್ಟದ್ದು ಆರ್ಯಭಟ ಉಪಗ್ರಹದ ಮಾದರಿ.

ಅದರ ಮೈಗೆ 26 ಮುಖ. ರಟ್ಟು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ನೀಲಿ ಸೌರಕೋಶಗಳನ್ನು ಒಂದೊಂದಾಗಿ ಅಂಟಿಸುವಷ್ಟರಲ್ಲಿ ಮನೆಯ ಊಟದ ಮೇಜು ನನ್ನ ಪಾಲಾಗಿತ್ತು. ಹಿಂದಿನ ಫಲಕಕ್ಕೆ ವಿವರಗಳನ್ನೂ ಅಷ್ಟೇ ಪ್ರೀತಿಯಿಂದ ಬರೆದೆ: ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವ, ಅದನ್ನು ಕಟ್ಟಿದ ಪೀಣ್ಯದ ಶೀಟ್ ಹೊದಿಸಿದ ಶೆಡ್ಡುಗಳು, 360 ಕಿಲೋ ತೂಕ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಉಡಾವಣೆ, ಆಮೇಲೆ ಎರಡು ರೂಪಾಯಿ ನೋಟಿನ ಮೇಲೆ ಬಂದ ಅದರ ಚಿತ್ರ.

ಒಂದು ಸಂಗತಿಯನ್ನು ಮಾತ್ರ ಬೇಕೆಂದೇ ಬಿಟ್ಟೆ. ಆರ್ಯಭಟದೊಳಗೆ ಕ್ಷ-ಕಿರಣ, ಸೂರ್ಯ ಮತ್ತು ಅಯಾನುಗೋಳ ಕುರಿತ ಮೂರು ಪ್ರಯೋಗಗಳಿದ್ದವು. ಅವಕ್ಕೆ ಕರೆಂಟು ಕೊಡುವ ವ್ಯವಸ್ಥೆ ಕೈಕೊಟ್ಟು, ಮೂರೂ ಒಂದು ವಾರ ತುಂಬುವ ಮೊದಲೇ ನಿಂತುಹೋದವು. ಇದನ್ನು ಬರೆದರೆ ಜನ ‘ಓ, ಕೆಟ್ಟುಹೋಯ್ತಾ’ ಎಂದು ಮುಂದೆ ಹೋಗುತ್ತಾರೆ ಅನ್ನಿಸಿತು. ನಮ್ಮವರ ಮಾನ ಕಾಯುವ ಹೊಣೆ ನನ್ನದೇ ಎಂದುಕೊಂಡಿದ್ದೆ.

ಮಧ್ಯಾಹ್ನ ಸರ್ಕಾರಿ ಶಾಲೆಯ ಮಕ್ಕಳು ಬಂದರು. ಒಬ್ಬಳು ಹುಡುಗಿ ಫಲಕವನ್ನು ಪೂರ್ತಿ ಓದಿ ಕೇಳಿದಳು: “ಅಂಕಲ್, ಇದು ಎಷ್ಟು ದಿನ ಕೆಲ್ಸ ಮಾಡ್ತು?”

“1992ರವರೆಗೂ ಭೂಮಿ ಸುತ್ತುತ್ತಾ ಇತ್ತಮ್ಮ” ಎಂದೆ.

ಅವಳು ಬೆರಳು ಮಡಿಸಿ ಲೆಕ್ಕ ಹಾಕಿ, ‘17 ವರ್ಷ ಕೆಲಸ ಮಾಡಿತು’ ಎಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಳು. ನಾನು ನೋಡುತ್ತಲೇ ಇದ್ದೆ. ನಾನು ಹೇಳಿದ ವಾಕ್ಯ ನಿಜ, ಅವಳು ಬರೆದದ್ದು ಸುಳ್ಳು, ಎರಡರ ನಡುವೆ ನಿಂತವನು ನಾನು. ‘ತಾಳಮ್ಮ’ ಎನ್ನಲು ಬಾಯಿ ಬರಲಿಲ್ಲ. ಟೀಚರ್ ಕರೆದರು, ಸಾಲು ಮುಂದೆ ಹೋಯಿತು. ಸಂಜೆವರೆಗೂ ಮಾದರಿಯನ್ನು ಹೊಗಳಿದವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಅಂಗಳದಲ್ಲಿ ಮಾರುತ್ ಯುದ್ಧವಿಮಾನ ನಿಂತಿತ್ತು. 1961ರಲ್ಲಿ ಇದೇ ಊರಿನ ಆಕಾಶದಲ್ಲಿ ಮೊದಲು ಹಾರಿದ್ದು. ವಿನ್ಯಾಸಕ ಕುರ್ಟ್ ಟ್ಯಾಂಕ್ ಅದನ್ನು ಶಬ್ದದ ಎರಡರಷ್ಟು ವೇಗಕ್ಕೆಂದು ರೂಪಿಸಿದ್ದರು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲೇ ಇಲ್ಲ. ಇದ್ದ ಎಂಜಿನ್ನಿನಲ್ಲೇ ಅದು 1971ರ ಯುದ್ಧದಲ್ಲಿ ಹೋರಾಡಿತು. ಈ ಕಥೆ ಗೊತ್ತಿದ್ದೂ ಅದನ್ನು ಕಂಡಾಗೆಲ್ಲ ನನ್ನ ಗೌರವ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಹಾಗಿದ್ದ ಮೇಲೆ ಆರ್ಯಭಟಕ್ಕೆ ಬೇರೆ ನ್ಯಾಯ ಯಾಕೆ ಮಾಡಿದೆ?

ಪೀಣ್ಯದ ಆ ಶೆಡ್ಡುಗಳಲ್ಲಿ ಕೂತವರು ಬಹುಪಾಲು ಎಳೆಯರು. ಅದಕ್ಕೂ ಮೊದಲು ಉಪಗ್ರಹ ಕಟ್ಟಿದ ಅನುಭವ ಅವರಿಗಿರಲಿಲ್ಲ. ಪ್ರಯೋಗಗಳು ನಿಂತರೂ ಉಪಗ್ರಹ ನೆಲದ ಜತೆ ಮಾತಾಡುವುದನ್ನು ನಿಲ್ಲಿಸಲಿಲ್ಲ. ಕಟ್ಟಬಲ್ಲೆವು, ನಿಯಂತ್ರಿಸಬಲ್ಲೆವು ಎಂಬುದು ಅವರಿಗೆ ಖಚಿತವಾಯಿತು. 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರ-1 ಹೋಯಿತು. ಅದರ ಕ್ಯಾಮೆರಾಗಳೂ ಮೊದಲು ತೊಂದರೆ ಕೊಟ್ಟವು. ತಿಂಗಳುಗಟ್ಟಲೆ ಕಾದು, ಒಂದನ್ನು ಮರುವರ್ಷ ಚಾಲೂ ಮಾಡಿ ಚಿತ್ರ ಪಡೆದರು. ನಾನು ಫಲಕದಲ್ಲಿ ಬಿಟ್ಟದ್ದು ಆ ಹುಡುಗಿಗೆ ನಿಜಕ್ಕೂ ಬೇಕಾಗಿದ್ದ ಭಾಗವನ್ನು. ನಾಳೆ ಅವಳು ಮಾಡಿದ ಯಂತ್ರ ವಾರದೊಳಗೆ ಕೆಟ್ಟರೆ, ಪೀಣ್ಯದವರದೂ ಕೆಟ್ಟಿತ್ತು ಎಂಬ ನೆನಪು ಅವಳ ಕೈ ಹಿಡಿಯಬೇಕಿತ್ತು.

ಆ ಶಾಲೆಯ ಹೆಸರು ಕೇಳಿಕೊಳ್ಳಲಿಲ್ಲ. ಅವಳೋ ಅವಳ ಟೀಚರ್ರೋ ಇದನ್ನು ಓದಿದರೆ, ದಯವಿಟ್ಟು ಆ ಸಾಲನ್ನು ತಿದ್ದಿಕೊಳ್ಳಿ: ಆರ್ಯಭಟ ಕಕ್ಷೆಯಲ್ಲಿದ್ದದ್ದು 1992ರವರೆಗೆ, ಅದರ ಪ್ರಯೋಗಗಳು ನಡೆದದ್ದು ಒಂದು ವಾರಕ್ಕೂ ಕಡಿಮೆ.