ಹಕ್ಕಿಗೂ ಪಾಲುಂಟು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕಟ್ಟಿದವರು ಮಲೆನಾಡಿನವರಾಗಿರಲಾರರು. ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳಲ್ಲಿ ಹಿತ್ತಲ ಗಿಡವೇ ಮದ್ದು, ಹಿತ್ತಲ ಗಿಡವೇ ಊಟ. ತಂಬುಳಿಯ ಒಂದೆಲಗ, ಒಗ್ಗರಣೆಯ ಕರಿಬೇವು, ಹುಳಿಯ ಬಸಳೆ, ಪಾನಕದ ಮುರುಗಲು, ಕೊನೆಗೆ ಊಟದ ಬಾಳೆಯೆಲೆಯೂ ಅಡಿಗೆಮನೆಯ ಹಿಂಬಾಗಿಲಿನಿಂದ ನೂರು ಹೆಜ್ಜೆಯೊಳಗೆ ಬೆಳೆದಿರುತ್ತವೆ. ಪಟ್ಟಣದ ಕೈತೋಟ ಕಣ್ಣಿಗೆ ಒಪ್ಪಲೆಂದು ಮನೆಯ ಮುಂದಿರುತ್ತದೆ. ಮಲೆನಾಡಿನ ಹಿತ್ತಲು ಹೊಟ್ಟೆಗೆ ಒದಗಲೆಂದು ಮನೆಯ ಹಿಂದಿರುತ್ತದೆ.

ಅಂಥದೊಂದು ಹಿತ್ತಲನ್ನು ವಸಂತದಲ್ಲಿ ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನದ ಬಯಕೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ವಸಂತದ ಪರಿಚಯವೇನೋ ಉಂಟು. ಆದರೆ ಅದು ಬಹುಪಾಲು ಪುಸ್ತಕದ ವಸಂತ. ಶಿರಸಿಯ ಬಳಿಯ ಹಳ್ಳಿಯೊಂದರಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ಈ ವರ್ಷ ಯುಗಾದಿಗೆ ವಾರವಿರುವಾಗಲೇ ಬೆಂಗಳೂರಿನಿಂದ ರಾತ್ರಿಯ ಬಸ್ಸು ಹಿಡಿದು, 400 ಕಿಲೋಮೀಟರಿನಷ್ಟು ಹಾದಿಯನ್ನು ನಿದ್ದೆಯಲ್ಲಿ ಕಳೆದು, ಬೆಳಗಿನ ಕಾಫಿಯ ಹೊತ್ತಿಗೆ ಅಲ್ಲಿ ಇಳಿದೆ.

ಹಿತ್ತಲು ಅರ್ಧ ಎಕರೆಯೂ ಇರಲಾರದು. ಆದರೆ ಅದರಲ್ಲಿ ಅಂತಸ್ತುಗಳಿವೆ. ಎಲ್ಲಕ್ಕಿಂತ ಮೇಲೆ ತೆಂಗು, ಹಲಸು, ಮಾವು. ಅವುಗಳ ಕೆಳಗೆ ಮುರುಗಲು, ನುಗ್ಗೆ, ಪೇರಲೆ, ನಿಂಬೆ. ಅದಕ್ಕೂ ಕೆಳಗೆ ಬಾಳೆ, ಕಾಫಿ, ಕರಿಬೇವು. ಮರದ ಮೈಗೆ ಮೆಣಸಿನ ಬಳ್ಳಿ. ನೆಲದಲ್ಲಿ ಅರಿಸಿನ, ಕೆಸು, ಒಂದೆಲಗ. ಬಚ್ಚಲ ನೀರು ಹರಿದುಹೋಗುವ ಕಾಲುವೆಯ ದಂಡೆಯಲ್ಲಿ ಬಸಳೆಯ ಚಪ್ಪರ. ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿ ಬದನೆ, ಹರಿವೆ, ಸೌತೆ, ಹೀರೆ. ಐವತ್ತು ವರ್ಷದಿಂದ ಒಬ್ಬಳೇ ಹೆಂಗಸಿನ ಕೈ ಇದನ್ನು ಸಾಕಿದೆ. ದೊಡ್ಡಮ್ಮನಿಗೆ ಈಗ ಎಪ್ಪತ್ತನಾಲ್ಕು.

ಇಲ್ಲಿನ ವಸಂತಕ್ಕೆ ಒಂದು ವಿಚಿತ್ರವಿದೆ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಾದರೂ ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಚೈತ್ರದ ಹೊತ್ತಿಗೆ ನೆಲ ಬಾಯಾರಿರುತ್ತದೆ. ಮರಗಳು ಚಿಗುರುವುದು ಆಗಲೇ! ಮಾವು ತಾಮ್ರದ ಬಣ್ಣದ ಎಳೆಯೆಲೆ ತೊಡುತ್ತದೆ, ಹಲಸಿನ ಬುಡದಿಂದಲೇ ಕಾಯಿ ಜೋಲುತ್ತದೆ, ಮುರುಗಲಿನ ಕಾಯಿ ಕೆಂಪೇರಲು ಹವಣಿಸುತ್ತದೆ. ಗುಟ್ಟು ಕಾಲ ಕೆಳಗಿದೆ. ದೊಡ್ಡಮ್ಮ ಉದುರಿದ ದರಕನ್ನು ಸುಡಗೊಡುವುದಿಲ್ಲ. ಗಿಡದ ಬುಡಕ್ಕೆ ಗೇಣುದ್ದ ಹೊದಿಸುತ್ತಾಳೆ. ಆ ಒಣ ಎಲೆಗಳನ್ನು ಸರಿಸಿ ನೋಡಿದರೆ ಮಣ್ಣು ತಂಪಾಗಿ, ಕರ್ರಗೆ, ಎರೆಹುಳುಗಳಿಂದ ತುಂಬಿತ್ತು. ಅದೇ ಎರೆಹುಳುವಿಗಾಗಿ ಮಡಿವಾಳ ಹಕ್ಕಿಯೊಂದು ಬಾಲವೆತ್ತಿಕೊಂಡು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕಾದಿತ್ತು.

ಬನವಾಸಿ ಇಲ್ಲಿಗೆ ದೂರವಲ್ಲ; ಶಿರಸಿಯಿಂದ 25 ಕಿಲೋಮೀಟರಿನೊಳಗೆ. ಕ್ರಿ.ಶ. 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ಆ ನಾಡಿನ ನಂದನವನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲವನ್ನು ತನ್ನ ಅರ್ಜುನನ ಬಾಯಲ್ಲಿ ನುಡಿಸಿದ್ದಾನೆ. ಈ ಪದ್ಯವನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಅದರ ಒಂದು ಸೂಕ್ಷ್ಮ ನನಗೆ ಹೊಳೆದದ್ದು ಈ ಹಿತ್ತಲಿನಲ್ಲಿ: ವನದ ಒಡೆಯನಾಗಿ ಹುಟ್ಟಬೇಕೆಂದು ಅಲ್ಲಿ ಯಾರೂ ಕೇಳಿಲ್ಲ. ತೋಟದ ನಿಜವಾದ ಒಕ್ಕಲು ಯಾರೆಂಬುದನ್ನು ಕವಿ ಬಲ್ಲವನಾಗಿದ್ದ.

ಆ ಒಕ್ಕಲಿನ ಕೆಲಸವನ್ನು ಒಂದು ದಿನ ಕುಳಿತು ನೋಡಿದೆ. ಕುಂಬಳದ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುವ ಮೊದಲೇ ಬಾಡುತ್ತದೆ. ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ; ಅಷ್ಟು ಹೊತ್ತಿನೊಳಗೆ ತುಡುವೆ ಜೇನು ಬಂದು ಪರಾಗ ಮುಟ್ಟಿಸಿದರೆ ಕಾಯಿ, ಇಲ್ಲವಾದರೆ ಮಿಡಿ ಹಳದಿಯಾಗಿ ಉದುರುತ್ತದೆ. ಬದನೆಯ ಹೂವಿನದು ಇನ್ನೊಂದು ಹಟ. ಅದರ ಪರಾಗವು ಕೇಸರದ ತುದಿಯ ಸಣ್ಣ ತೂತಿನಲ್ಲಿ ಉಪ್ಪಿನ ಡಬ್ಬಿಯಲ್ಲಿದ್ದಂತೆ ಅಡಗಿರುತ್ತದೆ; ಅಲುಗಿಸಿದರೆ ಮಾತ್ರ ಸುರಿಯುತ್ತದೆ. ತುಡುವೆಗೆ ಆ ವಿದ್ಯೆ ತಿಳಿಯದು. ಮರ ಕೊರೆದು ಗೂಡು ಮಾಡುವ ದಪ್ಪನೆಯ ಕರಿದುಂಬಿ ಬಂದು, ಹೂವನ್ನು ತಬ್ಬಿ, ಝೇಂಕರಿಸಿ ಮೈ ನಡುಗಿಸುತ್ತದೆ, ಪರಾಗ ಉದುರುತ್ತದೆ. ಕವಿಗಳು ಸಂಗೀತವೆಂದು ಹೊಗಳಿದ ಝೇಂಕಾರದಿಂದ ನಮಗೆ ಎಣ್ಣೆಗಾಯಿಯೂ ದೊರೆಯುತ್ತದೆಂಬುದು ಸಣ್ಣ ಸಂಗತಿಯೇ? ಮಾವಿನ ಹೂವಿಗೋ, ನಾವು ಹೇಸುವ ನೊಣಗಳೇ ಮುಖ್ಯ ಸೇವಕರು. ಸಂಜೆ ಹೀರೆಯ ಹಳದಿ ಹೂವು ಅರಳಿದಾಗ ಪತಂಗಗಳ ಸರದಿ.

ಕರಿಬೇವಿನ ಎಲೆಯೊಂದರ ಮೇಲೆ ಹಕ್ಕಿಯ ಹಿಕ್ಕೆಯಂತೆ ಏನೋ ಅಂಟಿತ್ತು. ಕಡ್ಡಿಯಿಂದ ಮುಟ್ಟಿದರೆ ತಲೆಯಿಂದ ಕವಲಾದ ಕೊಂಬೊಂದನ್ನು ಚಾಚಿ ಘಾಟು ಬೀರಿತು. ಚಿಟ್ಟೆಯ ಮರಿಹುಳು! ತೆಗೆದು ಬಿಸಾಡಲೇ ಎಂದೆ.

“ಬಿಡೋ ತಮಾ, ಅದ್ಕೂ ಹೊಟ್ಟೆ ಇದ್ದು,” ಎಂದಳು ದೊಡ್ಡಮ್ಮ. “ನಾಲ್ಕು ಎಲೆ ತಿಂದ್ರೆ ಗಿಡ ಸಾಯ್ತಿಲ್ಲೆ.”

ನಿಜವೇ. ಮರುದಿನ ಅದೇ ಗಿಡದಲ್ಲಿ, ಎಲೆಗಳನ್ನು ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿ ಹುಳು ಹೆಕ್ಕುತ್ತಿತ್ತು. ಹುಳುವಿಗೆ ಎಲೆ, ಹಕ್ಕಿಗೆ ಹುಳು, ಉಳಿದ ಸೊಪ್ಪು ನಮಗೆ. ಹಲಸಿನ ವಿಷಯದಲ್ಲಿಯೂ ದೊಡ್ಡಮ್ಮನ ಕಟ್ಟಳೆ ಸರಳ: ಏಣಿಗೆ ಎಟುಕಿದ್ದು ಮನೆಗೆ, ಎಟುಕದ್ದು ಅಳಿಲು-ಹಕ್ಕಿಗಳಿಗೆ. ನಾನಿದನ್ನು ಮೊದಲು ದಾನವೆಂದು ಕರೆದೆ. ಅವಳು ಒಪ್ಪಲಿಲ್ಲ. “ದಾನ ಎಂಥದು? ಆಳಿಗೆ ಕೂಲಿ ಕೊಡಡ್ದಾ?” ಎಂದಳು.

ಕೂಲಿಯವರು ಬಾರದಿದ್ದರೆ ಏನಾಗುವುದೆಂಬುದನ್ನು ಅವಳು ಒಮ್ಮೆ ಕಂಡಿದ್ದಾಳೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ಅಪಾರವಾಗಿ ಅಳಿಸಿಹಾಕಿತು. ಮರಿಗಳು ಗೂಡಿನ ಕಣ್ಣಿನಲ್ಲಿಯೇ ಸತ್ತವು. ಜಗಲಿಯ ಜೇನುಪೆಟ್ಟಿಗೆಗಳು ಬರಿದಾದವು. ಮರುಬೇಸಿಗೆಯಲ್ಲಿ ಸೌತೆಬಳ್ಳಿಯ ತುಂಬ ಹೂವಿದ್ದರೂ ಹಿಡಿದ ಕಾಯಿಯನ್ನು ಬೆರಳಲ್ಲಿ ಎಣಿಸಬಹುದಾಗಿತ್ತಂತೆ. ಮಣ್ಣಿನ ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯಿಟ್ಟು ಬಾಳುವ, ಕಚ್ಚಲರಿಯದ ಮಿಸ್ರಿ ಜೇನು ಆಗ ಅಷ್ಟಿಷ್ಟು ಕೈಹಿಡಿಯಿತು. ಅಂದಿನಿಂದ ಆ ಬಿರುಕಿಗೆ ಯಾರೂ ಸಿಮೆಂಟು ಮೆತ್ತುವಂತಿಲ್ಲ.

ಇಷ್ಟು ಹೇಳಿ ಹಿತ್ತಲನ್ನು ಋಷಿಗಳ ಆಶ್ರಮವೆಂದು ಚಿತ್ರಿಸಿದರೆ ಸುಳ್ಳಾದೀತು. ಮಂಗಗಳ ಹಿಂಡು ಕೂಲಿಯನ್ನೂ ಕೇಳುವುದಿಲ್ಲ, ಏಣಿಯ ಕಟ್ಟಳೆಯನ್ನೂ ಮನ್ನಿಸುವುದಿಲ್ಲ. ನಾನಿದ್ದ ಮೂರು ದಿನದಲ್ಲಿ ಒಂದು ಬಾಳೆಗೊನೆಯೂ ಹನ್ನೆರಡು ಎಳೆ ಹಲಸಿನಕಾಯಿಯೂ ಹೋದವು. ದೊಡ್ಡಮ್ಮ ತಗಡು ಬಡಿದು ಓಡಿಸುತ್ತಾಳೆ, ಬಯ್ಯುತ್ತಾಳೆ, ಮತ್ತೆ ನೆಡುತ್ತಾಳೆ. ಮೊದಲು ಮನೆಯಲ್ಲಿ ಹತ್ತು ಜನ ಇದ್ದರು, ಮಂಗ ಅಂಜುತ್ತಿತ್ತು. ಈಗ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಆ ಸೀಮೆಯ ಎಷ್ಟೋ ಮನೆಗಳ ಕಥೆ ಇದೇ: ಹಿತ್ತಲು ಪ್ರಾಯಕ್ಕೆ ಬಂದಿದೆ, ಕಾಯುವ ಕೈಗಳು ಮುಪ್ಪಾಗಿವೆ.

ಹೀಗಿರುವಾಗ ಮೂಲೆಯ ಅಪ್ಪೆಮಾವಿನ ಮರದ ಮಾತು ಬಂತು. ಅದರ ಒಂದು ಮಗ್ಗುಲು ಒಣಗಿದೆ. ಇನ್ನೊಂದು ಮಗ್ಗುಲು ಈಗಲೂ ಉಪ್ಪಿನಕಾಯಿ ಜಾಡಿ ತುಂಬುವಷ್ಟು ಮಿಡಿ ಬಿಡುತ್ತದೆ. ಒಣಗಿದ ಕೊಂಬೆಯೊಂದು ಕೊಟ್ಟಿಗೆಯ ಮಾಡಿನ ಮೇಲೆ ಚಾಚಿದೆ. ಮರದ ವ್ಯಾಪಾರಿಯೊಬ್ಬ ಬೆಲೆ ಹೇಳಿ ಹೋಗಿದ್ದ. ಹಬ್ಬಕ್ಕೆ ಬಂದಿದ್ದ ದೊಡ್ಡಣ್ಣ, “ಮಳೆಗಾಲದಲ್ಲಿ ಅದು ಮಾಡಿನ ಮೇಲೆ ಬಿದ್ದರೆ ಗತಿಯೇನು ಆಯಿ? ಪೂರ್ತಿ ತೆಗೆಸಿಬಿಡೋಣ,” ಎಂದ. ಅವನ ಮಾತಿನಲ್ಲಿ ದುರಾಸೆಯಿರಲಿಲ್ಲ. ಒಬ್ಬಳೇ ಇರುವ ತಾಯಿಯ ಚಿಂತೆಯಿತ್ತು. ದೊಡ್ಡಮ್ಮ ಉತ್ತರ ಕೊಡದೆ ಆ ಕೊಂಬೆಯತ್ತ ಕೈ ತೋರಿದಳು. ಅಲ್ಲೊಂದು ದುಂಡನೆಯ ತೂತು. ಅದರೊಳಗಿಂದ ಹಸುರು ಮೈಯ, ಬಿಳಿಗೆನ್ನೆಯ ಕುಟ್ರ ಹಕ್ಕಿ ತಲೆ ಹಾಕಿ ನೋಡುತ್ತಿತ್ತು. ಹೆಚ್ಚಾಗಿ ಒಣಗಿದ ಮರದಲ್ಲಿಯೇ ಅದು ಮನೆ ಕೊರೆಯುತ್ತದೆ; ಅದು ಬಿಟ್ಟುಹೋದ ಪೊಟರೆಗಳಲ್ಲಿ ಮಡಿವಾಳ, ಮೈನಾಗಳು ಸಂಸಾರ ಹೂಡುತ್ತವೆ. ನಮಗೆ ಸತ್ತಂತೆ ಕಾಣುವ ಕೊಂಬೆ ಹಿತ್ತಲಿನ ಅತ್ಯಂತ ತುಂಬಿದ ಬಿಡಾರವಾಗಿತ್ತು.

ತಾಯಿ-ಮಗನಿಗೆ ಜಗಳವಾಗಲಿಲ್ಲ. ಮರಿಗಳು ಹಾರುವ ತನಕ ಕೊಡಲಿ ಮುಟ್ಟಬಾರದು. ಆಮೇಲೆ, ಮಳೆಗೆ ಮೊದಲು, ಮಾಡಿನ ಮೇಲಿನ ಕೊಂಬೆಯನ್ನಷ್ಟೇ ಇಳಿಸಬೇಕು. ಒಣಗಿದ ಬೊಡ್ಡೆಯೂ ಹಸಿರು ಮಗ್ಗುಲೂ ನಿಲ್ಲಬೇಕು ಎಂದು ತೀರ್ಮಾನವಾಯಿತು. ವ್ಯಾಪಾರಿಗೆ ಇಲ್ಲವೆಂದು ಹೇಳಿದವನು ದೊಡ್ಡಣ್ಣನೇ.

ಮೇ ತಿಂಗಳ ಕೊನೆಯಲ್ಲಿ ಅವನ ಫೋನು ಬಂದಿತ್ತು. ಮರಿಗಳು ಹಾರಿವೆಯಂತೆ, ಕೊಂಬೆ ಇಳಿದಿದೆಯಂತೆ, ಬೊಡ್ಡೆಯಲ್ಲಿ ಹೊಸ ತೂತೊಂದು ಕಾಣಿಸಿಕೊಂಡಿದೆಯಂತೆ. ದೊಡ್ಡಮ್ಮನ ತರುವಾಯ ಈ ಹಿತ್ತಲನ್ನು ಯಾರು ನೋಡುವರೆಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಆದರೆ ತಿಂಗಳಿಗೊಮ್ಮೆ ಊರಿಗೆ ಹೋಗಿಬರುವುದಾಗಿ ಅವನು ಹೇಳಿದ. ಮಿಡಿ ಉಪ್ಪಿನಕಾಯಿಯ ಒಂದು ಭರಣಿ ನಮ್ಮ ಪಾಲಿಗೂ ಬಂದಿದೆ.