ದೌಂಡದಲ್ಲಿ ಶಬ್ದಶೋಧ

ಕಳೆದ ಬೇಸಿಗೆಯ ರಜೆಯಲ್ಲಿ ಅಜ್ಜನೊಡನೆ ನಾವು ಸೊಲ್ಲಾಪುರದಿಂದ ಪುಣೆಗೆ ಮರಳುತ್ತಿದ್ದೆವು. ಮನಮಾಡದ ಹಳಿಯು ಬಂದು ಕೂಡುವ ದೌಂಡ ಜಂಕ್ಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಂಗ್ಲಿಷ್ ಶಾಲೆಯಲ್ಲಿ ಓದುವ ಸೋದರತ್ತೆಯ ಮಗ ನಿಲ್ದಾಣದ ಹಲಗೆಯನ್ನು ತೋರಿಸಿ, "ಡಿ, ಎ, ಯು, ಎನ್, ಡಿ. ಈ ಐದೇ ಅಕ್ಷರಗಳಿಂದ ಎಷ್ಟು ಇಂಗ್ಲಿಷ್ ಶಬ್ದ ಕಟ್ಟಬಲ್ಲೆ?" ಎಂದು ಕೇಳಿದ. ಮರುಕ್ಷಣವೇ 'ಆ್ಯಂಡ್', 'ಆ್ಯಡ್', 'ಡ್ಯಾಡ್' ಎಂದು ತಾನೇ ಮೂರನ್ನು ಬರೆದುಬಿಟ್ಟ. ನಾನು ಡಿ, ಯು, ಎನ್ ಕೂಡಿಸಿ, "ಡನ್, ಎಂದರೆ ಮುಗಿಯಿತು" ಎಂದೆ. ಅವನು ಗಹಗಹಿಸಿ ನಕ್ಕ. ಆ ಶಬ್ದಕ್ಕೆ ಓ, ಇ ಅಕ್ಷರಗಳು ಬೇಕಂತೆ! ಕೇಳಿದಂತೆ ಬರೆಯುವ ಅಭ್ಯಾಸದ ನನ್ನ ಮುಖ ಸಣ್ಣದಾಯಿತು.

ಅಜ್ಜ ನಿಘಂಟನ್ನು ತೆರೆದರು. ನಾನು ಬರೆದುದೂ ಶಬ್ದವೇ ಆಗಿತ್ತು. ಅರ್ಥ ಮಾತ್ರ ಬೂದು ಬೆರೆತ ಕಂದು ಬಣ್ಣ. "ಇಂಗ್ಲಿಷಿಗೆ ಕಿವಿಯೊಂದೇ ಸಾಲದು, ಕಣ್ಣೂ ಬೇಕು. ಬ್ರಿಟಿಷರ ಕಾಲದಲ್ಲಿ ಈ ಊರನ್ನೇ ಡಿ, ಎಚ್, ಓ, ಎನ್, ಡಿ ಎಂದು ಬರೆಯುತ್ತಿದ್ದರು. ಆಗಿನ ಹಲಗೆಯಲ್ಲಿ ನಿಮಗೆ 'ಆಡ್', 'ನಾಡ್' ಎಂಬವು ಸಿಗುತ್ತಿದ್ದವು" ಎಂದರು.

ಬಳಿಕ ಅವರೇ, "ಈಗ ಕನ್ನಡದ ದೌಂಡವನ್ನು ತೆಗೆದುಕೊಳ್ಳಿರಿ. ದ, ಡ, ನಡುವಣ ಸೊನ್ನೆ ಹಾಗೆಯೇ ಇರಲಿ, ಸ್ವರಗಳನ್ನು ಮಾತ್ರ ಬದಲಿಸಿರಿ" ಎಂದರು. ದಂಡ, ದಂಡು, ದಿಂಡು, ದುಂಡು ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಸೋದರತ್ತೆಯ ಮಗ ಬಹಳ ಹೊತ್ತು ಯೋಚಿಸಿ, "ದಂಡೆ! ಈ ಊರು ಭೀಮೆಯ ದಂಡೆಯಲ್ಲಿಯೇ ಇದೆಯಲ್ಲ!" ಎಂದು ಕೂಗಿದ.

ಗಾಡಿ ಹೊರಟಿತು. ಅಂದಿನಿಂದ ನಾನು ಇಂಗ್ಲಿಷ್ ಶಬ್ದಗಳನ್ನು ಕಣ್ಣಿಟ್ಟು ಓದುತ್ತೇನೆ. ಅವನು ಭಾನುವಾರಗಳಂದು ಕಾಗುಣಿತ ಕಲಿಯಲು ನಮ್ಮ ಮನೆಗೆ ಬರುತ್ತಾನೆ.